ಕರಿ ಕೋಟು ಹಾಕುವ ಮುನ್ನ: ವಕೀಲಿ ನಿಮಗೆ ಹಿಡಿಸುತ್ತದೆಯೇ ಎಂದು ತಿಳಿಯುವ ದಾರಿ

ಪಿಯುಸಿ ಫಲಿತಾಂಶ ಬಂದ ವಾರ ಮಂಗಳೂರು, ಉಡುಪಿ ಕಡೆಯ ಮನೆಗಳಲ್ಲಿ ನಡೆಯುವ ಮಾತು ಹೆಚ್ಚುಕಡಿಮೆ ಒಂದೇ. ಮೆಡಿಕಲ್, ಇಂಜಿನಿಯರಿಂಗ್, ಸಿಎ, ನರ್ಸಿಂಗ್. ಮಗಳು "ನಾನು ಲಾ ಓದ್ತೇನೆ" ಅಂದರೆ ಎಲ್ಲರೂ ಒಮ್ಮೆ ಸುಮ್ಮನಾಗುತ್ತಾರೆ. ಆಮೇಲೆ ಅಪ್ಪ "ಅದರಲ್ಲಿ ದುಡ್ಡಿದೆಯಾ?" ಅಂತ ಕೇಳುತ್ತಾರೆ. ಅಜ್ಜಿ "ಸುಳ್ಳು ಹೇಳಬೇಕಲ್ವಾ?" ಅನ್ನುತ್ತಾರೆ.

ಎರಡೂ ಕೇಳಬೇಕಾದ ಪ್ರಶ್ನೆಗಳೇ. ಆದರೆ ಈ ವೃತ್ತಿಗೆ ಬಂದು ನಾಲ್ಕೈದು ವರ್ಷಕ್ಕೆ ಸಾಕಪ್ಪಾ ಅಂತ ಹೊರಟವರನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಅವರಲ್ಲಿ ಹೆಚ್ಚಿನವರಿಗೆ ವಕೀಲರ ದಿನ ಹೇಗಿರುತ್ತದೆ ಅನ್ನುವುದೇ ಬರುವಾಗ ಗೊತ್ತಿರಲಿಲ್ಲ. ಸಿನಿಮಾದಲ್ಲಿ ನೋಡಿದ ವಾದ ಮಾತ್ರ ಗೊತ್ತಿತ್ತು. ನಿಜವಾದ ಕೆಲಸ ಓದುವುದು, ಬರೆಯುವುದು, ಕಾಯುವುದು ಮತ್ತು ಇನ್ನೊಬ್ಬರ ಕಷ್ಟ ಕೇಳುವುದು. ಈ ನಾಲ್ಕು ಹಿಡಿಸಿದವರು ಕಡಿಮೆ ಸಂಪಾದನೆಯಲ್ಲೂ ಈ ವೃತ್ತಿಯಲ್ಲಿ ನೆಮ್ಮದಿಯಾಗಿದ್ದಾರೆ.

ಇದು ನನ್ನೊಬ್ಬನ ಅನಿಸಿಕೆಯಲ್ಲ. ಅಮೆರಿಕದಲ್ಲಿ ಸುಮಾರು 6,200 ವಕೀಲರನ್ನು ಕೇಳಿ ಮಾಡಿದ ಒಂದು ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಸಂಪಾದನೆಗೂ ಕಾಲೇಜಿನ ಅಂಕಗಳಿಗೂ ವಕೀಲರ ಸಂತೋಷದ ಜೊತೆ ಇದ್ದ ನಂಟು ತೀರಾ ಸಣ್ಣದು. ಕೆಲಸದಲ್ಲಿ ಸ್ವಂತ ತೀರ್ಮಾನಕ್ಕೆ ಜಾಗ ಇದೆಯಾ, ಕೆಲಸ ತನಗೆ ಬರುತ್ತದೆ ಅನ್ನುವ ಧೈರ್ಯ ಇದೆಯಾ, ಜೊತೆಯವರ ಸಂಗಡ ಒಳ್ಳೆಯ ಸಂಬಂಧ ಇದೆಯಾ ಅನ್ನುವುದೇ ದೊಡ್ಡದಾಗಿ ಕಂಡಿತು. ಸರ್ಕಾರಿ ಮತ್ತು ಸೇವಾ ಕ್ಷೇತ್ರದ ವಕೀಲರು ದೊಡ್ಡ ಕಂಪನಿಗಳ ವಕೀಲರಿಗಿಂತ ಕಡಿಮೆ ಸಂಬಳ ಪಡೆದರೂ ಹೆಚ್ಚು ಸಂತೋಷವಾಗಿದ್ದರು. ಅಲ್ಲಿಯ ವ್ಯವಸ್ಥೆ ಬೇರೆ, ನಮ್ಮದು ಬೇರೆ. ಆದರೂ ಈ ಮೂರು ಮಾತು ನಮ್ಮ ಕೋರ್ಟಿನ ವರಾಂಡಕ್ಕೂ ಸಲ್ಲುತ್ತವೆ.

ಲಾ ಓದಬೇಕಾ ಬೇಡವಾ ಅಂತ ಯೋಚಿಸುವವರಿಗೆ, ಓದಿ ಮುಗಿಸಿ ಮುಂದೇನು ಅನ್ನುವವರಿಗೆ ಮತ್ತು ಈಗಾಗಲೇ ಒಳಗಿದ್ದು ಬೇಸತ್ತವರಿಗೆ ಈ ಹೆಜ್ಜೆಗಳನ್ನು ಬರೆಯುತ್ತಿದ್ದೇನೆ.

ಹೆಜ್ಜೆ 1: ಕೋರ್ಟಿಗೆ ಹೋಗಿ ಕೂತು ನೋಡಿ

ಇದಕ್ಕೆ ಒಂದು ಪೈಸೆ ಖರ್ಚಿಲ್ಲ, ಯಾರ ಅನುಮತಿಯೂ ಬೇಡ. ನಮ್ಮ ದೇಶದಲ್ಲಿ ಕೋರ್ಟ್ ಕಲಾಪ ಸಾಮಾನ್ಯವಾಗಿ ಸಾರ್ವಜನಿಕರಿಗೆ ತೆರೆದಿರುತ್ತದೆ. ಅತ್ಯಾಚಾರ, ಪೋಕ್ಸೋದಂಥ ಪ್ರಕರಣಗಳ ವಿಚಾರಣೆ ಮುಚ್ಚಿದ ಬಾಗಿಲಲ್ಲಿ ನಡೆಯುತ್ತದೆ. ಕೌಟುಂಬಿಕ ಪ್ರಕರಣಗಳಲ್ಲೂ ಹಾಗೆ ಮಾಡುವುದುಂಟು. ಉಳಿದ ಕಡೆ ಹಿಂದಿನ ಬೆಂಚಿನಲ್ಲಿ ಮೊಬೈಲ್ ಸೈಲೆಂಟ್ ಮಾಡಿ ಕೂರಬಹುದು. ಮಂಗಳೂರು, ಉಡುಪಿಯ ಜಿಲ್ಲಾ ನ್ಯಾಯಾಲಯಗಳಿಗೇ ಹೋಗಬೇಕೆಂದಿಲ್ಲ. ಕುಂದಾಪುರ, ಕಾರ್ಕಳ, ಬಂಟ್ವಾಳ, ಪುತ್ತೂರು, ಸುಳ್ಯ, ಬೆಳ್ತಂಗಡಿ, ಮೂಡುಬಿದಿರೆ, ಎಲ್ಲಿ ಹತ್ತಿರವೋ ಅಲ್ಲಿ ಹೋಗಿ. ಏಪ್ರಿಲ್, ಮೇ ಹೊತ್ತಿಗೆ ಸಿವಿಲ್ ಕೋರ್ಟುಗಳಿಗೆ ಬೇಸಿಗೆ ರಜೆ ಇರುತ್ತದೆ, ಆ ದಿನಗಳನ್ನು ಬಿಡಿ.

ಒಂದು ದಿನ ಸಾಲದು, ಒಂದು ವಾರ ಹೋಗಿ. ಬೆಳಗ್ಗೆ ಮೊದಲು ಕೇಸುಗಳನ್ನು ಕೂಗುತ್ತಾರೆ. ಒಂದರ ಹಿಂದೆ ಒಂದು ಫೈಲು. "ಸಮಯ ಬೇಕು ಸ್ವಾಮಿ", "ಸಾಕ್ಷಿ ಬಂದಿಲ್ಲ", "ಸಮನ್ಸ್ ಜಾರಿಯಾಗಿಲ್ಲ". ಮುಂದಿನ ಮುದ್ದತು, ಅಂದರೆ ಮುಂದಿನ ದಿನಾಂಕ, ಕೊಟ್ಟು ಫೈಲು ಬದಿಗೆ ಹೋಗುತ್ತದೆ. ಎದುರಿಗೆ ನಿಂತ ಜೂನಿಯರ್‌ಗಳನ್ನು ಗಮನಿಸಿ. ಅವರು ಡೈರಿಯಲ್ಲಿ ದಿನಾಂಕ ಬರೆದುಕೊಂಡು ಪಕ್ಕದ ಹಾಲ್‌ಗೆ ಓಡುತ್ತಾರೆ. ಸನ್ನದು, ಅಂದರೆ ವಕೀಲಿ ಮಾಡುವ ಪರವಾನಗಿ, ಸಿಕ್ಕಿದ ಮೇಲೆ ನಿಮ್ಮ ಮೊದಲ ವರ್ಷ ಹೆಚ್ಚುಕಡಿಮೆ ಹೀಗೇ ಇರುತ್ತದೆ.

ಆಮೇಲೆ ಸಾಕ್ಷಿ ವಿಚಾರಣೆ ಇರುವ ಹಾಲ್ ಹುಡುಕಿ. ಪಾಟೀಸವಾಲು, ಅಂದರೆ ಎದುರು ಕಡೆಯ ಸಾಕ್ಷಿಯನ್ನು ಪ್ರಶ್ನಿಸುವುದು, ನಡೆಯುವಾಗ ಕೂತು ಕೇಳಿ. ಒಬ್ಬ ಅನುಭವಿ ವಕೀಲರು ಧ್ವನಿ ಏರಿಸದೆ, ಒಂದೊಂದೇ ಪ್ರಶ್ನೆ ಇಟ್ಟು, ಸಾಕ್ಷಿಯ ಬಾಯಿಂದಲೇ ಬೇಕಾದ ಉತ್ತರ ಹೊರಡಿಸುವುದನ್ನು ನೋಡಿದಾಗ ನಿಮ್ಮ ಮೈ ಜುಂ ಎನ್ನುತ್ತದಾ? ಅದಕ್ಕೆ ಹಿಂದಿನ ರಾತ್ರಿ ಅವರು ಎಷ್ಟು ಪುಟ ಓದಿರಬೇಕು ಅಂತ ಕುತೂಹಲ ಹುಟ್ಟುತ್ತದಾ? ಹುಟ್ಟಿದರೆ ಒಳ್ಳೆಯ ಲಕ್ಷಣ. ಮೂರನೇ ದಿನಕ್ಕೇ ಆಕಳಿಕೆ ಬಂದು, ಹೊರಗೆ ಹೋಗಿ ಚಹಾ ಕುಡಿಯೋಣ ಅನಿಸಿದರೆ ಅದನ್ನೂ ನೆನಪಿಟ್ಟುಕೊಳ್ಳಿ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಕರ್ನಾಟಕ ಹೈಕೋರ್ಟಿನ ಕಲಾಪ ಯೂಟ್ಯೂಬ್‌ನಲ್ಲಿ ನೇರವಾಗಿ ಬರುತ್ತದೆ. ಅದನ್ನೂ ನೋಡಿ, ಆದರೆ ಅದು ಕೆಳಗಿನ ಕೋರ್ಟಿಗೆ ಬದಲಿಯಲ್ಲ. ನಮ್ಮ ಜಿಲ್ಲೆಗಳಲ್ಲಿ ವಕೀಲಿ ಮಾಡುವವರ ಆಯುಷ್ಯದ ಬಹುಪಾಲು ಕಳೆಯುವುದು ವಿಚಾರಣಾ ನ್ಯಾಯಾಲಯದಲ್ಲಿ.

ಹೆಜ್ಜೆ 2: ನಿಮ್ಮ ಸ್ವಭಾವದ ಲೆಕ್ಕ ಹಾಕಿ

ಮಾತು ಚೆನ್ನಾಗಿ ಬರುವ ಮಕ್ಕಳಿಗೆಲ್ಲ "ನೀನು ಲಾಯರ್ ಆಗು" ಅನ್ನುವ ರೂಢಿ ನಮ್ಮಲ್ಲಿದೆ. ಭಾಷಣ ಸ್ಪರ್ಧೆಯಲ್ಲಿ ಬಹುಮಾನ ಬಂದಿರುವುದು ಖುಷಿಯ ವಿಷಯ, ಆದರೆ ಈ ವೃತ್ತಿಗೆ ಅದಷ್ಟೇ ಸಾಲದು. ನಿಮ್ಮನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಬೇರೆ.

ನಲವತ್ತು ಪುಟದ ಕ್ರಯಪತ್ರವನ್ನು ಕೊನೆಯವರೆಗೆ ಓದುವ ತಾಳ್ಮೆ ಇದೆಯೇ? ನೀವು ಮಾಡಿದ ಕೆಲಸದ ಫಲ ಎಂಟು ವರ್ಷದ ಮೇಲೆ ಬಂದರೆ ಸಹಿಸುತ್ತೀರಾ? ಆಸ್ತಿ ಪಾಲಿನ ದಾವೆಯಲ್ಲಿ ಮೊದಲು ಪ್ರಾಥಮಿಕ ಡಿಕ್ರಿ, ಆಮೇಲೆ ಅಂತಿಮ ಡಿಕ್ರಿ, ನಡುವೆ ಅಪೀಲು. ದಾವೆ ಹಾಕಿದವರ ಮಕ್ಕಳು ತೀರ್ಪು ಕೇಳಿದ ಉದಾಹರಣೆಗಳು ಎಲ್ಲ ಊರಲ್ಲೂ ಇವೆ. ನೀವು ಸರಿಯಾಗಿ ವಾದಿಸಿದರೂ ಸೋಲಬಹುದು. ಆ ಸೋಲನ್ನು ಕಕ್ಷಿದಾರರಿಗೆ ಮುಖ ಕೊಟ್ಟು ಹೇಳಬಲ್ಲಿರಾ? ಮತ್ತೆ, ಗಂಡ ಬಿಟ್ಟುಹೋದವಳ, ಅಪಘಾತದಲ್ಲಿ ಮಗನನ್ನು ಕಳೆದುಕೊಂಡವರ ಕಥೆ ಕೇಳಿ ಸಂಜೆ ಮನೆಗೆ ಹೋಗಿ ನಿದ್ದೆ ಮಾಡಬಲ್ಲಿರಾ? ಸಂಕಟವೇ ಆಗದವರು ಬೇಕು ಅಂತಲ್ಲ. ಆದರೆ ಅದನ್ನು ಹೊತ್ತುಕೊಂಡು ಮರುದಿನ ಕೆಲಸ ಮಾಡುವ ಶಕ್ತಿ ಬೇಕು.

ಅಜ್ಜಿಯ ಪ್ರಶ್ನೆಗೂ ಇಲ್ಲೇ ಉತ್ತರ ಹೇಳುತ್ತೇನೆ. ವಕೀಲರು ಸುಳ್ಳು ಹೇಳಬೇಕಾಗಿಲ್ಲ. ಗೊತ್ತಿದ್ದೂ ಸುಳ್ಳು ಸಾಕ್ಷ್ಯ ಕೊಡಿಸುವುದು ಅಪರಾಧ, ಸನ್ನದನ್ನೇ ಕಳೆಯುವಂಥ ದುರ್ನಡತೆ. ಆರೋಪಿಯ ಪರ ನಿಲ್ಲುವುದು ಬೇರೆ ವಿಷಯ. ತನಗೆ ಬೇಕಾದ ವಕೀಲರ ನೆರವು ಪಡೆಯುವುದು ಬಂಧಿತ ವ್ಯಕ್ತಿಯ ಹಕ್ಕು ಅಂತ ಸಂವಿಧಾನದ 22ನೇ ವಿಧಿ ಹೇಳುತ್ತದೆ. ಇಂಥವರ ಪರ ಯಾರೂ ವಕಾಲತ್ತು ಹಾಕಬಾರದು ಅಂತ ವಕೀಲರ ಸಂಘಗಳು ನಿರ್ಣಯ ಮಾಡುವುದು ತಪ್ಪು ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಊರಲ್ಲಿ ಎಲ್ಲರೂ ಒಂದು ಕಡೆ ನಿಂತಾಗ ಇನ್ನೊಂದು ಕಡೆ ಒಬ್ಬರೇ ನಿಲ್ಲಬೇಕಾದ ದಿನ ಬರುತ್ತದೆ. ಆ ಧೈರ್ಯ ನಿಮ್ಮಲ್ಲಿದೆಯಾ ಅನ್ನುವುದು ಈ ಪಟ್ಟಿಯ ಅತ್ಯಂತ ಗಂಭೀರ ಪ್ರಶ್ನೆ.

ಹೆಜ್ಜೆ 3: ಮೊದಲ ಮೂರು ವರ್ಷದ ಖರ್ಚು ಮನೆಯಲ್ಲಿ ಮಾತಾಡಿ

ಅಪ್ಪನ ಪ್ರಶ್ನೆಗೆ ನೇರವಾದ ಉತ್ತರ: ಆರಂಭದಲ್ಲಿ ದುಡ್ಡು ಇಲ್ಲ, ಇದ್ದರೂ ಬಹಳ ಕಡಿಮೆ. ವಕೀಲರು ಜಾಹೀರಾತು ಕೊಡುವಂತಿಲ್ಲ. ಕೇಸು ಗೆದ್ದರೆ ಬಂದ ಹಣದಲ್ಲಿ ಇಷ್ಟು ಪಾಲು ಅಂತ ಒಪ್ಪಂದ ಮಾಡುವಂತಿಲ್ಲ. ಸನ್ನದು ಇಟ್ಟುಕೊಂಡು ಪೂರ್ಣಾವಧಿಯ ಸಂಬಳದ ಕೆಲಸವನ್ನೂ ಮಾಡುವಂತಿಲ್ಲ. ಹಾಗಾಗಿ ನಿಮ್ಮ ಹೆಸರು ಬಾಯಿಂದ ಬಾಯಿಗೆ ಹೋಗಬೇಕು, ಅದಕ್ಕೆ ವರ್ಷಗಳು ಬೇಕು.

2024ರ ಅಕ್ಟೋಬರ್‌ನಲ್ಲಿ ಭಾರತೀಯ ವಕೀಲರ ಪರಿಷತ್ತು ಒಂದು ಸುತ್ತೋಲೆ ಹೊರಡಿಸಿತು. ಜೂನಿಯರ್‌ಗಳಿಗೆ ನಗರಗಳಲ್ಲಿ ತಿಂಗಳಿಗೆ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಕೊಡಿ ಅಂತ ಅದರಲ್ಲಿತ್ತು. ಇದು ಶಿಫಾರಸು ಮಾತ್ರ, ಕಡ್ಡಾಯವಲ್ಲ. ನಮ್ಮ ಕಡೆ ಅನೇಕ ಆಫೀಸುಗಳಲ್ಲಿ ಸಿಗುವುದು ಇದಕ್ಕಿಂತ ಕಡಿಮೆ. ಕೆಲವೆಡೆ ಬಸ್ ಖರ್ಚು ಹುಟ್ಟಿದರೆ ಹೆಚ್ಚು. ಇದು ಸರಿಯಲ್ಲ ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ. ಮನೆಯಲ್ಲಿ ಅನುಕೂಲ ಇರುವವರು ಮಾತ್ರ ಉಳಿಯುವಂಥ ವೃತ್ತಿಯಾದರೆ ನಷ್ಟ ಕೋರ್ಟಿಗೇ.

ಹಾಗಾಗಿ ಕಾಗದದ ಮೇಲೆ ಬರೆಯಿರಿ. ಮೂರು ವರ್ಷ ತಿಂಗಳಿಗೆ ಎಷ್ಟು ಬೇಕು? ಬಸ್ಸಿಗೆ, ಊಟಕ್ಕೆ, ಪುಸ್ತಕಕ್ಕೆ, ಬಾಡಿಗೆಗೆ? ಮನೆಯವರು ಎಷ್ಟು ಕೊಡಬಲ್ಲರು? ಎಜುಕೇಶನ್ ಲೋನ್ ಇದ್ದರೆ ಕಂತು ಯಾವಾಗ ಶುರು? ಈ ಮಾತು ಕಾಲೇಜು ಸೇರುವ ಮೊದಲೇ ಆಗಲಿ. ರಾಜ್ಯದ ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ ಮತ್ತು ಅಲ್ಪಸಂಖ್ಯಾತರ ಇಲಾಖೆಗಳಲ್ಲಿ ಕಾನೂನು ಪದವೀಧರರಿಗೆ ತರಬೇತಿ ಭತ್ಯೆ ಕೊಡುವ ಯೋಜನೆಗಳಿವೆ. ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ. ಅರ್ಜಿಯ ಗಡುವು ತಪ್ಪಿಸಿಕೊಳ್ಳಬೇಡಿ.

ಹೆಜ್ಜೆ 4: ಯಾವ ಕೋರ್ಸ್, ಎಲ್ಲಿ?

ದಾರಿ ಎರಡು. ಪಿಯುಸಿ ಆದ ಮೇಲೆ ಬಿಎ ಎಲ್‌ಎಲ್‌ಬಿ, ಬಿಬಿಎ ಎಲ್‌ಎಲ್‌ಬಿಯಂಥ ಐದು ವರ್ಷದ ಕೋರ್ಸ್. ಇಲ್ಲವೇ ಯಾವುದಾದರೂ ಪದವಿ ಮುಗಿಸಿ ಮೂರು ವರ್ಷದ ಎಲ್‌ಎಲ್‌ಬಿ. ಎರಡಕ್ಕೂ ಸಾಮಾನ್ಯ ವರ್ಗಕ್ಕೆ ಕನಿಷ್ಠ ಶೇ 45, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ 40 ಅಂಕ ಬೇಕು. ದೂರಶಿಕ್ಷಣದ ಎಲ್‌ಎಲ್‌ಬಿಗೆ ಮಾನ್ಯತೆ ಇಲ್ಲ. ಯಾರಾದರೂ "ಮನೆಯಲ್ಲೇ ಕೂತು ಲಾ ಮಾಡಿಸಿಕೊಡ್ತೇವೆ" ಅಂದರೆ ದುಡ್ಡು ಕೊಡಬೇಡಿ.

ಹದಿನೇಳನೇ ವಯಸ್ಸಿನಲ್ಲಿ ಮನಸ್ಸು ಗಟ್ಟಿ ಇಲ್ಲದಿದ್ದರೆ ಮೂರು ವರ್ಷದ ದಾರಿಯೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಬಿಕಾಂ ಮಾಡಿ ಬಂದವರಿಗೆ ಬ್ಯಾಂಕ್, ತೆರಿಗೆಯ ಕೇಸು ಬೇಗ ಅರ್ಥವಾಗುತ್ತವೆ. ನರ್ಸಿಂಗ್, ಇಂಜಿನಿಯರಿಂಗ್ ಓದಿ ಬಂದವರನ್ನೂ ಕಂಡಿದ್ದೇನೆ. ಅವರ ಹಳೆಯ ಓದು ವ್ಯರ್ಥವಾಗಲಿಲ್ಲ.

ನಮ್ಮಲ್ಲಿ ಹಳೆಯ ಕಾಲೇಜುಗಳು ಉಡುಪಿಯ ವೈಕುಂಠ ಬಾಳಿಗಾ ಕಾನೂನು ಕಾಲೇಜು ಮತ್ತು ಮಂಗಳೂರು ಕೊಡಿಯಾಲ್‌ಬೈಲಿನ ಎಸ್‌ಡಿಎಂ ಕಾನೂನು ಕಾಲೇಜು. ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಇವು ಸೇರಿವೆ. ಮೂರು ವರ್ಷದ ಕೋರ್ಸಿನಲ್ಲಿ ಕನ್ನಡದಲ್ಲೂ ಪರೀಕ್ಷೆ ಬರೆಯಬಹುದು. ಊರಿನ ಕಾಲೇಜಿನಲ್ಲಿ ಓದಿದರೆ ಮೇಲೇರಲು ಆಗುವುದಿಲ್ಲ ಅನ್ನುವವರಿಗೆ ಒಂದು ಉದಾಹರಣೆ ಸಾಕು. ಮೂಡುಬಿದಿರೆ ಬಳಿಯ ಬೆಳುವಾಯಿಯ ಎಸ್. ಅಬ್ದುಲ್ ನಜೀರ್ ಕೊಡಿಯಾಲ್‌ಬೈಲಿನಲ್ಲೇ ಕಾನೂನು ಓದಿದವರು. 1983ರಲ್ಲಿ ವಕೀಲರಾಗಿ 2017ರಲ್ಲಿ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯಾದರು.

ರಾಷ್ಟ್ರೀಯ ಕಾನೂನು ಶಾಲೆಗಳಿಗೆ ಕ್ಲ್ಯಾಟ್ ಪ್ರವೇಶ ಪರೀಕ್ಷೆ ಬರೆಯಬೇಕು. ಶುಲ್ಕ ಬಹಳ ಜಾಸ್ತಿ. ಅಲ್ಲಿಂದ ದೊಡ್ಡ ನಗರದ ಕಾರ್ಪೊರೇಟ್ ಕಚೇರಿಗಳಿಗೆ ಹೋಗುವ ದಾರಿ ಸುಲಭ. ಅಲ್ಲಿ ಸಂಬಳ ಮೊದಲ ತಿಂಗಳಿಂದಲೇ ಇದೆ, ಕೆಲಸದ ಗಂಟೆಗಳಿಗೆ ಮಿತಿ ಇಲ್ಲ. ಕೋರ್ಟಿನಲ್ಲಿ ನಿಂತು ಮಾತಾಡಬೇಕು ಅನ್ನುವ ಆಸೆ ಇದ್ದವರು ಆ ಕಚೇರಿಗಳಲ್ಲಿ ಸುಖವಾಗಿರುವುದು ಕಷ್ಟ. ಒಪ್ಪಂದ ಬರೆಯುವುದರಲ್ಲಿ, ಲೆಕ್ಕಾಚಾರದಲ್ಲಿ ಖುಷಿ ಕಾಣುವವರಿಗೆ ಅದೇ ಸರಿಯಾದ ಜಾಗ.

ಹೆಜ್ಜೆ 5: ಇಂಟರ್ನ್‌ಶಿಪ್ ಅನ್ನು ಪ್ರಯೋಗದ ಹಾಗೆ ಬಳಸಿ

ಮೂರು ವರ್ಷದ ಕೋರ್ಸಿನಲ್ಲಿ ಕನಿಷ್ಠ 12 ವಾರ, ಐದು ವರ್ಷದ್ದರಲ್ಲಿ 20 ವಾರ ಇಂಟರ್ನ್‌ಶಿಪ್ ಮಾಡಬೇಕು ಅಂತ ನಿಯಮವಿದೆ. ಬಹಳ ಜನ ಪರಿಚಯದ ವಕೀಲರಿಂದ ಒಂದು ಸರ್ಟಿಫಿಕೇಟ್ ತಂದು ಮುಗಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಯಾವ ಕೆಲಸ ನಿಮಗೆ ಹಿಡಿಸುತ್ತದೆ ಅಂತ ತಪ್ಪು ಮಾಡಿದರೂ ನಡೆಯುವ ಕಾಲದಲ್ಲಿ ಕಂಡುಕೊಳ್ಳುವ ಅವಕಾಶ ಇದು.

ಒಂದು ಬಾರಿ ಸಿವಿಲ್ ಆಫೀಸು, ಇನ್ನೊಮ್ಮೆ ಕ್ರಿಮಿನಲ್. ಒಂದು ಸಲ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ, ಮತ್ತೊಮ್ಮೆ ಬೆಂಗಳೂರಿನ ಹೈಕೋರ್ಟ್ ವಕೀಲರ ಬಳಿ. ಪ್ರತಿ ಸಲ ಸಂಜೆ ಎರಡು ಸಾಲು ಬರೆದಿಡಿ: ಇವತ್ತು ಯಾವ ಕೆಲಸ ಮಾಡುವಾಗ ಹೊತ್ತು ಹೋದದ್ದೇ ತಿಳಿಯಲಿಲ್ಲ, ಯಾವುದು ಮುಗಿದರೆ ಸಾಕು ಅನಿಸಿತು? ಕೋರ್ಸ್ ಮುಗಿಯುವ ಹೊತ್ತಿಗೆ ಆ ಪುಸ್ತಕ ತೆಗೆದು ನೋಡಿದರೆ ದಾರಿ ಅಲ್ಲೇ ಇರುತ್ತದೆ.

ಹೆಜ್ಜೆ 6: ಸನ್ನದು ಮತ್ತು ಬಾರ್ ಪರೀಕ್ಷೆ

ಇದು ಕಾಗದಪತ್ರದ ಕೆಲಸ, ಹೆದರಬೇಕಾದ್ದಿಲ್ಲ. ಪದವಿ ಆದ ಮೇಲೆ ಬೆಂಗಳೂರಿನ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಬೇಕು. 1961ರ ವಕೀಲರ ಕಾಯ್ದೆಯ ಪ್ರಕಾರ ಶುಲ್ಕ ಒಟ್ಟು 750 ರೂಪಾಯಿ, ಪರಿಶಿಷ್ಟರಿಗೆ 125. ಇದಕ್ಕಿಂತ ಜಾಸ್ತಿ ವಸೂಲಿ ಮಾಡುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ತೀರ್ಪು ಕೊಟ್ಟಿದೆ. ಬಡ ಮನೆಯ ಮಕ್ಕಳ ಪಾಲಿಗೆ ಅದು ದೊಡ್ಡ ತೀರ್ಪು. ಆಮೇಲೆ ಅಖಿಲ ಭಾರತ ಬಾರ್ ಪರೀಕ್ಷೆ. 100 ಪ್ರಶ್ನೆ, ಕನ್ನಡದಲ್ಲೂ ಬರೆಯಬಹುದು, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಟಿಪ್ಪಣಿ ಇಲ್ಲದ ಮೂಲ ಕಾಯ್ದೆಯ ಪುಸ್ತಕ ಒಯ್ಯಬಹುದು. 2024ರ ಜುಲೈ 1ರಿಂದ ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ಅದರ ಜೊತೆಗಿನ ಇನ್ನೆರಡು ಕಾಯ್ದೆಗಳೂ ಬದಲಾಗಿವೆ. ಹೊಸ ಪುಸ್ತಕವನ್ನೇ ಕೊಳ್ಳಿ. ಹಳೆಯ ಪುಸ್ತಕವನ್ನೂ ಎಸೆಯಬೇಡಿ, ಅದಕ್ಕಿಂತ ಮೊದಲಿನ ಅಪರಾಧಗಳಿಗೆ ಹಳೆಯ ದಂಡ ಸಂಹಿತೆಯೇ ಅನ್ವಯಿಸುತ್ತದೆ.

ಹೆಜ್ಜೆ 7: ಸೀನಿಯರ್ ಆಯ್ಕೆ

ನಿಮ್ಮ ಮುಂದಿನ ಹತ್ತು ವರ್ಷದ ನೆಮ್ಮದಿ ಯಾವ ಕಾಲೇಜು ಅನ್ನುವುದಕ್ಕಿಂತ ಯಾವ ಆಫೀಸು ಸೇರಿದಿರಿ ಅನ್ನುವುದರ ಮೇಲೆ ನಿಂತಿದೆ. ಅನುಮಾನವೇ ಬೇಡ.

ದೊಡ್ಡ ಹೆಸರಿನ ಹಿಂದೆ ಹೋಗಬೇಡಿ. ಐನೂರು ಫೈಲು ಇರುವ ಆಫೀಸಿನಲ್ಲಿ ಜೂನಿಯರ್ ಬರೀ ಮುದ್ದತು ಕೇಳುವ ಆಳು ಆಗಬಹುದು. ಮಧ್ಯಮ ಗಾತ್ರದ ಆಫೀಸು, ಸ್ವಂತವಾಗಿ ದಾವೆ ಪತ್ರ ಬರೆಯುವ ಸೀನಿಯರ್, ನೀವು ಬರೆದ ಕರಡನ್ನು ಕೆಂಪು ಶಾಯಿಯಲ್ಲಿ ತಿದ್ದಿ ವಾಪಸ್ ಕೊಡುವವರು. ಅಂಥವರು ಸಿಕ್ಕಿದರೆ ಗಟ್ಟಿಯಾಗಿ ಹಿಡಿದುಕೊಳ್ಳಿ. ತಿದ್ದುವ ಸೀನಿಯರ್ ಮೇಲೆ ಮೊದಲು ಸಿಟ್ಟು ಬರುತ್ತದೆ. ಆ ಕೆಂಪು ಗೆರೆಗಳು ಕಡಿಮೆಯಾಗುತ್ತಾ ಹೋಗುವುದನ್ನು ನೋಡುವ ಸಂತೋಷ ಬೇರೆ ಯಾವುದರಲ್ಲೂ ಇಲ್ಲ.

ಸೇರುವ ಮೊದಲು ಆ ಆಫೀಸಿನ ಹಳೆಯ ಜೂನಿಯರ್‌ಗಳನ್ನು ಹುಡುಕಿ ಕೇಳಿ. ಎಷ್ಟು ಜನ ಬಿಟ್ಟು ಹೋದರು, ಯಾಕೆ? ಈಗಲೂ ಸೀನಿಯರ್ ಜೊತೆ ಮಾತಿದೆಯಾ? ಬಿಟ್ಟು ಹೋದವರೂ ಗೌರವದಿಂದ ಮಾತಾಡಿದರೆ ಆ ಆಫೀಸು ಒಳ್ಳೆಯದು. ಗುಮಾಸ್ತರ ಜೊತೆಯೂ ಮಾತಾಡಿ. ಕೋರ್ಟಿನ ಕಚೇರಿ ಕೆಲಸ, ನಕಲು ಅರ್ಜಿ, ಪ್ರೋಸೆಸ್ (ಸಮನ್ಸ್, ನೋಟಿಸ್ ಕಳಿಸುವ ಕೆಲಸ) ಇವೆಲ್ಲ ನಿಮಗೆ ಕಲಿಸುವವರು ಅವರೇ.

ಹೆಣ್ಣುಮಕ್ಕಳು ಇನ್ನೂ ಒಂದೆರಡು ವಿಷಯ ಮೊದಲೇ ಕೇಳಿಕೊಳ್ಳಬೇಕು. ಸಂಜೆ ಆಫೀಸು ಎಷ್ಟು ಹೊತ್ತಿನವರೆಗೆ? ಕೊನೆಯ ಬಸ್ ಯಾವಾಗ? ಅಲ್ಲಿ ಹೆಣ್ಣು ಜೂನಿಯರ್‌ಗಳಿಗೆ ಪಾಟೀಸವಾಲು ಮಾಡಲು ಬಿಡುತ್ತಾರಾ, ಇಲ್ಲ ಜೀವನಾಂಶದ ಫೈಲು ಮಾತ್ರ ಕೊಡುತ್ತಾರಾ? ಮುಜುಗರ ಬೇಡ. ಈ ಪ್ರಶ್ನೆ ಕೇಳಿದಾಗ ಮುಖ ಸಿಂಡರಿಸುವ ಆಫೀಸು ನಿಮಗೆ ಬೇಡ.

ಹೆಜ್ಜೆ 8: ನಮ್ಮ ಊರಿನ ಕಾನೂನು ಕಲಿಯಿರಿ

ನನಗೆ ತುಂಬ ಇಷ್ಟವಾದ ಭಾಗ ಇದು. ಕರಾವಳಿಯಲ್ಲಿ ವಕೀಲಿ ಮಾಡುವವರಿಗೆ ಸಿಗುವ ಕೆಲಸ ಬೇರೆಡೆ ಸಿಗುವುದಿಲ್ಲ.

ಈ ಜಿಲ್ಲೆಗಳು 1956ರವರೆಗೆ ಮದ್ರಾಸ್ ಆಡಳಿತದಲ್ಲಿದ್ದವು. ಹಾಗಾಗಿ ನಮ್ಮ ಜಮೀನಿನ ಕಾಗದಗಳಲ್ಲಿ ಹಳೆಯ ಮೈಸೂರು ಕಡೆಯವರಿಗೆ ತಲೆಬುಡ ಗೊತ್ತಾಗದ ಶಬ್ದಗಳಿವೆ. ವರ್ಗ (ಪಟ್ಟಾ ಜಮೀನು), ಮೂಲಗೇಣಿ (ಕಾಯಂ ಗೇಣಿ), ಚಾಲಗೇಣಿ (ಕಾಯಂ ಅಲ್ಲದ ಗೇಣಿ), ಕುಮ್ಕಿ. ವರ್ಗ ಜಮೀನಿನಿಂದ 450 ಲಿಂಕ್ಸ್ (ಸುಮಾರು 90 ಮೀಟರ್) ಒಳಗಿನ ಸರ್ಕಾರಿ ಜಾಗದಲ್ಲಿ ಸೊಪ್ಪು, ಸೌದೆ ತರುವ ಸವಲತ್ತೇ ಕುಮ್ಕಿ. ಅದರ ಮೇಲೆ ನಡೆದ ಜಗಳಗಳಿಗೆ ಲೆಕ್ಕವಿಲ್ಲ. 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂ ಸುಧಾರಣೆಯ ತಿದ್ದುಪಡಿಯಿಂದ ಗೇಣಿದಾರರು ಭೂಮಿಯ ಒಡೆಯರಾದರು. ಅದಕ್ಕೆ ಕೊಟ್ಟ ನಮೂನೆ 7ನ್ನು ಹಳ್ಳಿಯಲ್ಲಿ ಇವತ್ತಿಗೂ "ಡಿಕ್ಲರೇಶನ್" ಅನ್ನುತ್ತಾರೆ. ತಾಯಿಯ ಕಡೆಯಿಂದ ಆಸ್ತಿ ಇಳಿದುಬರುವ ಅಳಿಯಸಂತಾನದ ಕುಟುಂಬಗಳ ಹಳೆಯ ಪಾಲುಪಟ್ಟಿಯಲ್ಲಿ ಕವರು (ಕುಟುಂಬದ ಕವಲು), ಯಜಮಾನ ಅಂತ ಬರುತ್ತದೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಅದಕ್ಕೆ ಹೇಗೆ ಅನ್ವಯಿಸುತ್ತದೆ ಅನ್ನುವುದು ಇಂದಿಗೂ ಕೇಸಿನ ವಿಷಯ.

ಅಜ್ಜನ ಕಾಲದ ಮಾಸಿದ ಕಾಗದವನ್ನು ಬಿಚ್ಚಿ, ಗಡಿ ಗುರುತು ಓದಿ, ಸರ್ವೆ ನಕ್ಷೆಗೆ ಹೊಂದಿಸಿ, ಒಂದು ಮನೆತನದ ಇಡೀ ಕಥೆ ಕಣ್ಣೆದುರು ನಿಂತಾಗ ಆಗುವ ತೃಪ್ತಿ ಇದೆಯಲ್ಲ, ಅದಕ್ಕಾಗಿಯೇ ಈ ವೃತ್ತಿಯಲ್ಲಿ ಉಳಿದವರಿದ್ದಾರೆ. ನಾನೂ ಅವರಲ್ಲೊಬ್ಬ. ಬ್ಯಾಂಕುಗಳಿಗೆ ದಾಖಲೆ ಪರಿಶೀಲನೆಯ ವರದಿ ಬರೆದು ಜೀವನ ನಡೆಸುವವರಿಗೂ ಇದೇ ಜ್ಞಾನ ಬೇಕು. ಬ್ಯಾಂಕುಗಳ ತವರು ಇದು, ಅಲ್ವಾ? 1906ರಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕಿನ ಬುನಾದಿ ಹಾಕಿದ ಅಮ್ಮೆಂಬಳ ಸುಬ್ಬರಾವ್ ಪೈ ಅವರೂ ವಕೀಲರೇ.

ಭಾಷೆಯೂ ಬಂಡವಾಳ. ಕೋರ್ಟಿನ ದಾಖಲೆ ಕನ್ನಡದಲ್ಲಿ ಇರಬಹುದು, ಆದರೆ ಸಾಕ್ಷಿಯ ಮನಸ್ಸು ಬಿಚ್ಚಿಕೊಳ್ಳುವುದು ತುಳುವಿನಲ್ಲಿ, ಕೊಂಕಣಿಯಲ್ಲಿ, ಬ್ಯಾರಿಯಲ್ಲಿ, ಕುಂದಗನ್ನಡದಲ್ಲಿ. ಮೀನುಗಾರ ಮಹಿಳೆ ತನ್ನ ಮಾತಿನಲ್ಲಿ ಹೇಳಿದ್ದನ್ನು ಹಾಗೆಯೇ ಅರ್ಥ ಮಾಡಿಕೊಳ್ಳುವ ವಕೀಲರಿಗೆ ಅರ್ಧ ಕೇಸು ಅಲ್ಲೇ ತಿಳಿಯುತ್ತದೆ.

ಒಂದು ಕಷ್ಟವನ್ನೂ ಹೇಳಬೇಕು. ಹೈಕೋರ್ಟಿನ ಕೆಲಸ ಬೇಕೆಂದರೆ ನಾವು ಬೆಂಗಳೂರಿಗೆ ಹೋಗಬೇಕು, ಮಂಗಳೂರಿಂದ ಸುಮಾರು 350 ಕಿಲೋಮೀಟರ್. ಧಾರವಾಡ, ಕಲಬುರಗಿಯಲ್ಲಿ ಪೀಠಗಳಿವೆ. ಮಂಗಳೂರಿಗೂ ಒಂದು ಪೀಠ ಬೇಕು ಅಂತ ಇಲ್ಲಿಯ ವಕೀಲರು ಕೇಳುತ್ತಿದ್ದಾರೆ. ನ್ಯಾಯವಾದ ಬೇಡಿಕೆ. ಘಾಟಿ ಹತ್ತಿ ಹೋಗಿ ಬರುವ ಖರ್ಚು ಕೊನೆಗೆ ಬೀಳುವುದು ಕಕ್ಷಿದಾರರ ತಲೆಗೆ.

ಹೆಜ್ಜೆ 9: ಕೋರ್ಟ್ ಹಿಡಿಸದಿದ್ದರೆ ಬೇರೆ ಬಾಗಿಲುಗಳು

ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಮೂರು ವರ್ಷದ ವಕೀಲಿ ಅನುಭವ ಬೇಕು ಅಂತ ಸುಪ್ರೀಂ ಕೋರ್ಟ್ 2025ರ ಮೇ 20ರಂದು ತೀರ್ಪು ಕೊಟ್ಟಿತು. ನ್ಯಾಯಮೂರ್ತಿಗಳ ಬಳಿ ಲಾ ಕ್ಲರ್ಕ್ ಆಗಿ ದುಡಿದ ಕಾಲವೂ ಲೆಕ್ಕಕ್ಕೆ ಬರುತ್ತದೆ. ಕಾಲೇಜಿಂದ ನೇರ ಪರೀಕ್ಷೆಗೆ ಕೂರುವ ಆಸೆ ಇಟ್ಟುಕೊಂಡವರು ಇದನ್ನು ಗಮನಿಸಿ. ಪರೀಕ್ಷೆಯಲ್ಲಿ ಭಾಷಾಂತರಕ್ಕೆ ಬೇರೆ ಪತ್ರಿಕೆ ಇದೆ. ಕನ್ನಡ, ಇಂಗ್ಲಿಷ್ ಎರಡರಲ್ಲೂ ಬರೆಯುವ ಅಭ್ಯಾಸ ಈಗಲೇ ಶುರು ಮಾಡಿ.

ಬ್ಯಾಂಕುಗಳ ಕಾನೂನು ಅಧಿಕಾರಿ ಹುದ್ದೆ ಇನ್ನೊಂದು ದಾರಿ, ಅದಕ್ಕೂ ವಕೀಲರಾಗಿ ನೋಂದಣಿ ಆಗಿರಬೇಕು. ಸಹಾಯಕ ಸರ್ಕಾರಿ ಅಭಿಯೋಜಕರ ಹುದ್ದೆಗಳಿವೆ. ಕಾನೂನು ಸೇವೆಗಳ ಪ್ರಾಧಿಕಾರದಡಿ ಬಡ ಆರೋಪಿಗಳ ಪರ ನಿಲ್ಲುವ ಡಿಫೆನ್ಸ್ ಕೌನ್ಸೆಲ್ ವ್ಯವಸ್ಥೆ ಬಂದಿದೆ. ಹೊಸಬರಿಗೂ ಅಲ್ಲಿ ಸಹಾಯಕರಾಗಿ ಜಾಗ ಇದೆ. ತಿಂಗಳಿಗೆ ಗೌರವಧನ ಸಿಗುತ್ತದೆ, ಕ್ರಿಮಿನಲ್ ವಿಚಾರಣೆಯನ್ನು ಕೈಯಾರೆ ನಡೆಸುವ ಅವಕಾಶವೂ ಸಿಗುತ್ತದೆ. ಯುವ ವಕೀಲರು ಈ ಕೆಲಸವನ್ನು ಕಡೆಗಣಿಸುವುದನ್ನು ನೋಡಿ ನನಗೆ ಬೇಸರವಾಗುತ್ತದೆ. ಜಾಮೀನು ಕೊಡುವವರಿಲ್ಲದೆ ಜೈಲಿನಲ್ಲಿ ಕೊಳೆಯುತ್ತಿದ್ದವನನ್ನು ಮನೆಗೆ ಕಳಿಸಿದ ಸಂಜೆ ಯಾವ ಫೀಸಿಗೂ ಕಡಿಮೆಯಲ್ಲ.

ಪಣಂಬೂರಿನ ಬಂದರು ಇರುವುದರಿಂದ ಹಡಗಿನ ಕಾನೂನು ಕಲಿಯುವವರಿಗೂ ಕೆಲಸವಿದೆ. 2017ರ ಕಾಯ್ದೆಯ ಪ್ರಕಾರ ಹಡಗಿನ ಕೇಸು ಕೇಳುವ ಅಧಿಕಾರ ಇರುವ ಹೈಕೋರ್ಟುಗಳಲ್ಲಿ ಕರ್ನಾಟಕದ್ದೂ ಒಂದು. ಜಗಳ ಹಿಡಿಸದವರಿಗೆ ಮಧ್ಯಸ್ಥಿಕೆ ಇದೆ. 40 ಗಂಟೆಯ ತರಬೇತಿ ಪಡೆದ ಮಧ್ಯಸ್ಥಗಾರರು ಎರಡೂ ಕಡೆಯವರನ್ನು ಕೂರಿಸಿ ಮಾತಾಡಿಸುತ್ತಾರೆ. ಅದಕ್ಕೆ ಕೆಲವು ವರ್ಷದ ಅನುಭವ ಆಗಿರಬೇಕು. ನೋಟರಿಗೆ 10 ವರ್ಷದ ಅನುಭವ ಬೇಕು, ಮಹಿಳೆಯರಿಗೆ, ಪರಿಶಿಷ್ಟರಿಗೆ ಮತ್ತು ಹಿಂದುಳಿದ ವರ್ಗದವರಿಗೆ 7.

ಹೆಜ್ಜೆ 10: ಒಳಗಿದ್ದು ಬೇಸರ ಬಂದರೆ

ಬೇಸರ ಎಲ್ಲಿಂದ ಬಂತು ಅಂತ ಬಿಡಿಸಿ ನೋಡಿ. ಆಫೀಸಿನಿಂದಲೋ, ಕೇಸುಗಳ ಜಾತಿಯಿಂದಲೋ, ವೃತ್ತಿಯಿಂದಲೇನೋ? ಸೀನಿಯರ್ ಬದಲಾದರೆ ಸರಿಹೋಗುವ ಬೇಸರಕ್ಕೆ ವೃತ್ತಿಯನ್ನೇ ಬಿಡಬೇಡಿ. ಚೆಕ್ ಬೌನ್ಸ್ ಕೇಸುಗಳಲ್ಲೇ ಮುಳುಗಿ ಸಾಕಾದವರು ಗ್ರಾಹಕರ ಆಯೋಗದ ಕೆಲಸ ಅಥವಾ ಅಪಘಾತ ಪರಿಹಾರದ ಕೇಸು ಹಿಡಿದು ಚೇತರಿಸಿಕೊಂಡದ್ದು ಇದೆ. ಒಂದು ತಿಂಗಳು, ದಿನಾ ರಾತ್ರಿ, ಇವತ್ತು ಯಾವ ಗಳಿಗೆಯಲ್ಲಿ ಕುತ್ತಿಗೆ ಬಿಗಿಯಿತು ಅಂತ ಬರೆಯಿರಿ. ಕಾರಣ ತಾನಾಗಿ ಮೇಲೆ ಬರುತ್ತದೆ.

ಕೆಲವು ರೂಢಿಗಳು ಈ ಕೆಲಸವನ್ನು ಸಹ್ಯ ಮಾಡುತ್ತವೆ. ಫೀಸು ಎಷ್ಟು, ಯಾವಾಗ ಅಂತ ಮೊದಲ ದಿನವೇ ಬರೆದುಕೊಡಿ. ರಾತ್ರಿ ಎಂಟರ ಮೇಲೆ ಕಕ್ಷಿದಾರರ ಫೋನು ತೆಗೆಯುವುದಿಲ್ಲ ಅಂತ ಮೊದಲೇ ಹೇಳಿ, ಬಂಧನದಂಥ ತುರ್ತು ಬಿಟ್ಟು. ಗೆಲ್ಲಿಸುತ್ತೇನೆ ಅಂತ ಯಾರಿಗೂ ಮಾತು ಕೊಡಬೇಡಿ. ರಾಜಿಯಾಗುವ ಕೇಸನ್ನು ಲೋಕ ಅದಾಲತ್‌ಗೆ ಒಯ್ಯಿರಿ. ಅಲ್ಲಿ ಇತ್ಯರ್ಥವಾದರೆ ಕಟ್ಟಿದ ಕೋರ್ಟ್ ಶುಲ್ಕ ವಾಪಸ್ ಬರುತ್ತದೆ, ಅದರ ಮೇಲೆ ಅಪೀಲಿಲ್ಲ, ನಿಮ್ಮ ಡೈರಿಯಲ್ಲೂ ಒಂದು ಮುದ್ದತು ಕಡಿಮೆ. ಬಾರ್ ಸಂಘದಲ್ಲಿ ನಂಬುವ ಇಬ್ಬರು ಗೆಳೆಯರನ್ನು ಇಟ್ಟುಕೊಳ್ಳಿ.

ನಿದ್ದೆ ಕೆಟ್ಟು, ಬೆಳಗ್ಗೆ ಕೋರ್ಟಿನ ಹೆಸರೆತ್ತಿದರೆ ಎದೆ ಹೊಡೆದುಕೊಂಡು, ಸಂಜೆ ಕುಡಿತಕ್ಕೆ ಕೈ ಹೋಗುತ್ತಿದ್ದರೆ ಅದು ಬೇಸರದ ಗಡಿ ದಾಟಿದೆ. ಅಮೆರಿಕದಲ್ಲಿ 2016ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಸುಮಾರು 13,000 ವಕೀಲರ ಪೈಕಿ ಶೇ 28ರಷ್ಟು ಜನರಲ್ಲಿ ಖಿನ್ನತೆಯ ಲಕ್ಷಣ ಕಂಡಿತ್ತು. ನೀವು ಒಬ್ಬರೇ ಅಲ್ಲ. 14416 ಟೆಲಿ ಮಾನಸ್ ಸಹಾಯವಾಣಿ. ಉಚಿತ, ಕನ್ನಡದಲ್ಲೂ ಮಾತಾಡಬಹುದು. ಇವತ್ತೇ ಕರೆ ಮಾಡಿ.

ಎಲ್ಲ ನೋಡಿಯೂ ಬಿಡಬೇಕು ಅಂತ ತೀರ್ಮಾನಿಸಿದರೆ ಬಿಡಿ. ಕಂಪನಿಯಲ್ಲೋ ಬ್ಯಾಂಕಿನಲ್ಲೋ ಕೆಲಸಕ್ಕೆ ಸೇರುವಾಗ ರಾಜ್ಯ ವಕೀಲರ ಪರಿಷತ್ತಿಗೆ ಅರ್ಜಿ ಬರೆದು ಸನ್ನದನ್ನು ಅಮಾನತಿನಲ್ಲಿ ಇಡಿ. ಸುಮ್ನೆ ಹಾಗೆಯೇ ಬಿಟ್ಟರೆ ಮುಂದೆ ತೊಂದರೆ. ನಿಮ್ಮ ಕೈಯಲ್ಲಿದ್ದ ಫೈಲುಗಳನ್ನು ಕಕ್ಷಿದಾರರಿಗೆ ತಿಳಿಸಿ, ಸಹಿ ಪಡೆದು, ಇನ್ನೊಬ್ಬ ವಕೀಲರಿಗೆ ಒಪ್ಪಿಸಿ. ಅರ್ಜಿಯ ನಕಲು, ಪರಿಷತ್ತಿನ ಉತ್ತರ ಎರಡನ್ನೂ ಜೋಪಾನ ಮಾಡಿ. ಮುಂದೆ ಎಂದಾದರೂ ಕೋಟು ಮತ್ತೆ ಹಾಕಬೇಕು ಅನಿಸಿದರೆ, ಸನ್ನದನ್ನು ಪುನಃ ಜಾರಿಗೆ ತರಲು ಆ ಎರಡು ಕಾಗದ ಬೇಕಾಗುತ್ತವೆ.